ನಮ್ಮ ಕ್ಲಬ್‌ನ ಸುತ್ತಿಗೆ ಕಳವಾದ ಕಥೆ

ನಾರ್ವಿಚ್ ಹತ್ತಿರ, ಇಂಗ್ಲೆಂಡ್
ಜೂನ್ 10

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾವು ಮೂವರೂ ಚೆನ್ನಾಗಿದ್ದೇವೆ. ನೀವೂ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ. ಅಪ್ಪ, ಹೋದ ತಿಂಗಳು ಫೋನಿನಲ್ಲಿ ನಾನು "ಕ್ಲಬ್" ಅಂದ ತಕ್ಷಣ ನೀವು ಸುಮ್ಮನಾಗಿಬಿಟ್ಟಿರಿ. ಆಮೇಲೆ ಅಮ್ಮ ಫೋನ್ ತಗೊಂಡು "ಇಸ್ಪೀಟು ಆಡ್ತೀಯೇನೋ?" ಅಂತ ಕೇಳಿದಳು. ಅವತ್ತು ನಕ್ಕು ಸುಮ್ಮನಾದೆ. ಆದರೆ ನಿಮ್ಮ ಆ ಮೌನ ತಲೆಯಲ್ಲೇ ಕೂತಿತ್ತು. ಮೊನ್ನೆಯ ಶನಿವಾರ, ಭಾನುವಾರ ನಮ್ಮ ಊರಿಗೆ ಐದು ದೇಶಗಳಿಂದ ನೆಂಟರು ಬಂದಿದ್ದರು. ಅದನ್ನು ಹೇಳಿದರೆ ಇದು ಎಂಥ ಕ್ಲಬ್ ಅಂತ ನಿಮಗೇ ಗೊತ್ತಾಗುತ್ತದೆ.

ಇದರ ಹೆಸರು ರೌಂಡ್ ಟೇಬಲ್. ನಿಮಗೆ ಇಸವಿ ಬೇಕಲ್ವಾ? ಇದು 1927ರ ಮಾರ್ಚ್‌ನಲ್ಲಿ ಇಲ್ಲೇ ನಾರ್ವಿಚ್‌ನಲ್ಲಿ ಹುಟ್ಟಿತು. ಶುರು ಮಾಡಿದವರು ಲೂಯಿಸ್ ಮಾರ್ಕೇಸಿ. ಕೇಕು, ಊಟದ ವ್ಯಾಪಾರದ ಮನೆತನದವರು. ಅವರು ಆಗಲೇ ರೋಟರಿಯಲ್ಲಿದ್ದರು. ಅಲ್ಲಿ ಸುತ್ತ ಕೂತವರೆಲ್ಲ ತಮಗಿಂತ ದೊಡ್ಡವರು. ವಯಸ್ಸಿನ ಹುಡುಗರಿಗೂ ಒಂದು ಜಾಗ ಬೇಕು ಅನ್ನಿಸಿತು. ಅದಕ್ಕೇ ಇಲ್ಲಿ ವಯಸ್ಸಿನ ಮಿತಿ ಇದೆ. ಮೊದಲು 40 ಇತ್ತು, ಈಗ ಈ ದೇಶದಲ್ಲಿ 45. ನನಗೆ 43 ನಡೀತಾ ಇದೆ. ಇನ್ನೆರಡು ವರ್ಷಕ್ಕೆ ಕೈಕುಲುಕಿ ಆಚೆ ಕಳಿಸುತ್ತಾರೆ! ಹಾಗೆ ಹೊರಬಂದವರು ಸೇರಿ ಮಾಡಿಕೊಂಡಿರುವ 41 ಕ್ಲಬ್ ಅಂತ ಇನ್ನೊಂದು ಇದೆ. ಹಳಬರು ಅಲ್ಲಿ ಕೂತು ನಮ್ಮ ತಪ್ಪು ಎಣಿಸುತ್ತಾರೆ.

ನಮ್ಮ ದೇಶದಲ್ಲೂ ಇದು ಇದೆ. ಶಾಲೆಗಳಿಗೆ ಕೊಠಡಿ ಕಟ್ಟಿಸಿಕೊಡುತ್ತಾರೆ. ಗೋಡೆಯ ಮೇಲೆ ಚಕ್ರದಂಥ ಒಂದು ಗುರುತು ಇರುತ್ತದೆ, ನೀವು ನೋಡಿರಬಹುದು. ಆ ಗುರುತಿಗೆ ಮೂಲ ವಿಂಚೆಸ್ಟರ್ ಕೋಟೆಯ ದೊಡ್ಡ ಹಜಾರದಲ್ಲಿ ನೇತುಹಾಕಿರುವ ಮರದ ದುಂಡು ಮೇಜು. ಅಡ್ಡಳತೆ ಐದೂವರೆ ಮೀಟರ್! ಇಲ್ಲಿನ ದಂತಕಥೆಯ ಆರ್ಥರ್ ರಾಜನದ್ದು ಅಂತ ಜನ ನಂಬಿದ್ದರು. ನಿಜಕ್ಕೂ ಅದು ಸುಮಾರು 700 ವರ್ಷ ಹಳೆಯದು, ಆರ್ಥರ್ ಕಥೆಗಿಂತ ಎಷ್ಟೋ ಈಚಿನದು.

ಈ ಕ್ಲಬ್‌ಗಳಿಗೆಲ್ಲ ಒಂದೊಂದು ನಂಬರ್ ಇದೆ. ಬೇರೆ ಬೇರೆ ದೇಶಗಳಲ್ಲಿ ಒಂದೇ ನಂಬರ್ ಇರುವ ಕ್ಲಬ್‌ಗಳು ವರ್ಷಕ್ಕೊಮ್ಮೆ ಒಂದು ಕಡೆ ಸೇರುತ್ತವೆ. ಇದಕ್ಕೆ ನಂಬರ್ ಮೀಟಿಂಗ್ ಅನ್ನುತ್ತಾರೆ. ಬೇರೆ ಯಾವ ಸಂಬಂಧವೂ ಬೇಡ, ನಂಬರ್ ಒಂದೇ ಆದರೆ ಸಾಕು, ನೆಂಟಸ್ತನ ಆಯಿತು. ನನಗೆ ಮೊದಲು ಇದು ತಮಾಷೆಯಾಗಿ ಕಂಡಿತ್ತು. ಬಸ್ ನಂಬರ್ ಒಂದೇ ಅಂತ ಯಾರಾದರೂ ನೆಂಟರಾಗುತ್ತಾರಾ? ಈಗ ಅನ್ನಿಸುತ್ತದೆ, ನೆಪ ಇಷ್ಟು ಸಣ್ಣದಾಗಿರುವುದೇ ಒಳ್ಳೆಯದು. ನೀನು ಯಾರು, ಎಷ್ಟು ದುಡಿಯುತ್ತೀಯ ಅಂತ ಯಾರೂ ಕೇಳಲ್ಲ.

ಈ ಸಲ ಸರದಿ ನಮ್ಮದು. ಡೆನ್ಮಾರ್ಕ್, ಜರ್ಮನಿ, ನೆದರ್ಲೆಂಡ್ಸ್, ಬೆಲ್ಜಿಯಂ, ಫ್ರಾನ್ಸ್, ಎಲ್ಲ ಸೇರಿ ಹದಿನಾಲ್ಕು ಜನ. ಬಂದವರು ಹೋಟೆಲ್‌ನಲ್ಲಿ ಇಳಿಯುವಂತಿಲ್ಲ. ಸದಸ್ಯರ ಮನೆಯಲ್ಲೇ ಇರಬೇಕು. ಇಡೀ ಸಂಪ್ರದಾಯದಲ್ಲಿ ನನಗೆ ದೊಡ್ಡದಾಗಿ ಕಂಡಿದ್ದು ಇದೊಂದೇ. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಪಕ್ಕದ ಮನೆಯವರ ಮುಂದಿನ ಕೋಣೆ ಬಿಟ್ಟು ಒಳಗಿನದು ನೋಡಿಲ್ಲ. ಅಂಥ ಊರಿನಲ್ಲಿ ಮುಖವೇ ನೋಡದ ಇಬ್ಬರಿಗೆ ಹಾಸಿಗೆ ಹಾಸಿಕೊಡಬೇಕು ಅಂದರು!

ನಮ್ಮ ಪಾಲಿಗೆ ಡೆನ್ಮಾರ್ಕಿನ ಗಂಡ ಹೆಂಡತಿ ಬಂದರು. ಇವಳಿಗಂತೂ ಒಂದು ವಾರದಿಂದ ನಿದ್ದೆ ಇಲ್ಲ. ಬಚ್ಚಲು ಒಂದೇ ಇದೆ, ಅವರು ಏನಂದುಕೊಳ್ಳುತ್ತಾರೋ ಅಂತ. ಮಗಳು ತನ್ನ ರೂಮು ಬಿಟ್ಟುಕೊಡುವುದಕ್ಕೆ ಲಂಚ ಕೇಳಿದಳು, ಕೊಟ್ಟೆ. ಶುಕ್ರವಾರ ರಾತ್ರಿ ಬಂದವರು ಬಾಗಿಲಲ್ಲೇ ಬೂಟು ಬಿಚ್ಚಿಟ್ಟರು. ಅಷ್ಟು ಸಾಕಾಯಿತು, ಇವಳ ಮುಖ ಅರಳಿತು. ಊಟ ಮುಗಿದ ಮೇಲೆ ಆತ ತಾನೇ ಎದ್ದು ಪಾತ್ರೆ ತೊಳೆಯಲು ನಿಂತ. ನಾನು ಬೇಡ ಬೇಡ ಅಂತ ಕೈ ಹಿಡಿದೆ. "ಕಳೆದ ವರ್ಷ ನಾನು ಇಳಿದುಕೊಂಡಿದ್ದ ಮನೆಯಲ್ಲೂ ಹೀಗೇ ಜಗಳ ಆಯಿತು, ಕೊನೆಗೆ ನಾನೇ ಗೆದ್ದೆ" ಅಂದ. ಇಲ್ಲೂ ಗೆದ್ದ. ಇನ್ನೊಂದು ಗಮನಿಸಿದೆ. ಇಂಗ್ಲಿಷ್ ನಮ್ಮಿಬ್ಬರಿಗೂ ಕಲಿತ ಭಾಷೆ, ಹಾಗಾಗಿ ಯಾರಿಗೂ ನಾಚಿಕೆ ಇಲ್ಲ. ರಾತ್ರಿ ಒಂದು ಗಂಟೆವರೆಗೂ ಮಾತಾಡಿದೆವು. ಆತನ ತಂದೆಯೂ ಈ ಕ್ಲಬ್ಬಿನವರೇ ಆಗಿದ್ದರಂತೆ.

ಶನಿವಾರ ಬೆಳಿಗ್ಗೆ ಎಲ್ಲರನ್ನೂ ಬ್ರಾಡ್ಸ್ ನೋಡಲು ಕರೆದುಕೊಂಡು ಹೋಗುವುದು ಅಂತ ಇತ್ತು. ಬಾಡಿಗೆಗೆ ಹೇಳಿದ್ದ ಬಸ್ ಬರಲೇ ಇಲ್ಲ. ಫೋನ್ ಮಾಡಿದರೆ ನಿಮ್ಮ ಹೆಸರು ನಾಳೆಗೆ ಇದೆ ಅಂದರು. ನಮ್ಮ ಅಧ್ಯಕ್ಷನ ಮುಖ ನೋಡಬೇಕಿತ್ತು. ಕೊನೆಗೆ ಏಳು ಕಾರಿನಲ್ಲಿ ತುಂಬಿಕೊಂಡು ಹೊರಟೆವು. ನಮ್ಮ ಕಾರಿನಲ್ಲಿ ಮಗಳ ಸೀಟು ಬಿಚ್ಚಿ ಒಬ್ಬ ಜರ್ಮನ್‌ನನ್ನು ಕೂರಿಸಿದೆ. ಆರಡಿ ನಾಲ್ಕಿಂಚು ಆಳು, ಮಂಡಿ ಗದ್ದಕ್ಕೆ ತಾಗುತ್ತಿತ್ತು.

ಬ್ರಾಡ್ಸ್ ಅಂದರೆ ಇಲ್ಲಿನ ಕೆರೆಗಳ ಸಾಲು, ನದಿಗಳ ಪಕ್ಕದಲ್ಲೇ ಇವೆ. ಅಪ್ಪ, ಇದು ನಿಮಗೆ ಇಷ್ಟವಾಗುವ ವಿಷಯ. ಇವು ತಾವಾಗೇ ಆದ ಕೆರೆಗಳು ಅಂತಲೇ ಎಲ್ಲ ತಿಳಿದಿದ್ದರು. 1950ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯಶಾಸ್ತ್ರಜ್ಞೆ ಕೆಸರು ಕೊರೆದು ನೋಡಿದರು. ತಳ ಸಮತಟ್ಟು, ಅಂಚುಗಳು ನೆಟ್ಟಗೆ. ಅಂದರೆ ಮನುಷ್ಯರೇ ಅಗೆದ ಗುಂಡಿಗಳು. ಹಿಂದೆ ಜನ ಒಲೆಗೆ ಉರಿಸಲು ಪೀಟ್ ಅನ್ನುವ ಕಪ್ಪು ಮಣ್ಣು ತೆಗೆಯುತ್ತಿದ್ದರು. ಆಮೇಲೆ ಸಮುದ್ರದ ಮಟ್ಟ ಏರಿ ಗುಂಡಿಗಳಿಗೆ ನೀರು ತುಂಬಿತು. ದೋಣಿಯಲ್ಲಿ ಇದನ್ನು ಹೇಳುತ್ತಿದ್ದರೆ ನೆದರ್ಲೆಂಡ್ಸ್‌ನವನು ನಗುತ್ತಾ ಕೂತಿದ್ದ. "ನಾವು ನೀರು ತೆಗೆದು ನೆಲ ಮಾಡಿದೆವು. ನೀವು ನೆಲ ತೆಗೆದು ನೀರು ಮಾಡಿಕೊಂಡಿರಿ" ಅಂದ.

ಅಲ್ಲಿಂದ ಅವನ ಜಂಬ ಶುರುವಾಯಿತು. 1565ರಲ್ಲಿ ನಾರ್ವಿಚ್‌ನ ಬಟ್ಟೆ ವ್ಯಾಪಾರ ಬಿದ್ದುಹೋಗಿತ್ತು. ಊರಿನ ದೊಡ್ಡವರು ರಾಣಿ ಎಲಿಜಬೆತ್ ಅಪ್ಪಣೆ ಪಡೆದು ಸಮುದ್ರದ ಆಚೆಯಿಂದ 30 ನೇಕಾರ ಕುಟುಂಬಗಳನ್ನು ಕರೆಸಿದರು. ಅವರನ್ನು ಸ್ಟ್ರೇಂಜರ್ಸ್ ಅಂತ ಕರೆದರು, ಅಪರಿಚಿತರು ಅಂತ. ಕೆಲವೇ ವರ್ಷಗಳಲ್ಲಿ ಊರಿನ ಮೂರರಲ್ಲಿ ಒಬ್ಬರು ಅವರೇ ಆದರು. ಅವರು ಸಾಕಿದ್ದ ಕ್ಯಾನರಿ ಹಕ್ಕಿ ಊರಿಗೆಲ್ಲ ಹಬ್ಬಿತು. ಇವತ್ತಿಗೂ ಇಲ್ಲಿನ ಫುಟ್‌ಬಾಲ್ ತಂಡದ ಅಡ್ಡಹೆಸರು ಕ್ಯಾನರಿಗಳು, ತೊಡುವುದು ಹಳದಿ ಅಂಗಿ. "ಅವರೆಲ್ಲ ನಮ್ಮವರು" ಅಂತ ಇವನು ಎದೆ ತಟ್ಟಿದ. ಪಕ್ಕದಲ್ಲಿದ್ದ ಬೆಲ್ಜಿಯಂನವನು ಲೋಟ ಕೆಳಗಿಟ್ಟ. "ಅವರಲ್ಲಿ ಜಾಸ್ತಿ ಜನ ಫ್ಲಾಂಡರ್ಸ್‌ನವರು, ಅದು ಈಗ ನಮ್ಮ ದೇಶ" ಅಂದ. ದಡ ಸೇರುವವರೆಗೂ ಇಬ್ಬರದ್ದೂ ಅದೇ ವಾದ. ನೇಕಾರರು ಬಂದು 450 ವರ್ಷ ದಾಟಿದೆ, ಪಾಲು ಇನ್ನೂ ಆಗಿಲ್ಲ!

ಶನಿವಾರ ರಾತ್ರಿಯದ್ದು ದೊಡ್ಡ ಊಟ, ಕೋಟು ಟೈ ಕಡ್ಡಾಯ. ಅಧ್ಯಕ್ಷನ ಕೊರಳಲ್ಲಿ ಒಂದು ಸರ. ಹಿಂದಿನ ಅಧ್ಯಕ್ಷರ ಹೆಸರೆಲ್ಲ ಅದರ ಪಟ್ಟಿಗಳ ಮೇಲೆ ಕೊರೆದಿರುತ್ತವೆ, ವರ್ಷ ಹೋದಂತೆ ಭಾರವಾಗುತ್ತದೆ. ಪ್ರತಿ ಕ್ಲಬ್ಬಿನವರೂ ತಮ್ಮ ಪುಟ್ಟ ಬಾವುಟ ತಂದಿರುತ್ತಾರೆ. ಇಬ್ಬರು ಅಧ್ಯಕ್ಷರು ನಿಂತು, ಕೈಕುಲುಕಿ, ಬಾವುಟ ಬದಲಾಯಿಸಿಕೊಂಡು, ಫೋಟೋ ತೆಗೆಸಿಕೊಳ್ಳುತ್ತಾರೆ. ಹೀಗೆ ಐದು ಸಲ. ನಿಜ ಹೇಳಬೇಕೆಂದರೆ ಮೂರನೆಯದಕ್ಕೇ ನನಗೆ ಆಕಳಿಕೆ ಬಂತು. ಭಾಷಣಗಳೂ ಜಾಸ್ತಿಯಾದವು. ಡೆನ್ಮಾರ್ಕಿನ ನಮ್ಮ ನೆಂಟ ಮಾತ್ರ ಎರಡೇ ಮಾತಿನಲ್ಲಿ ಮುಗಿಸಿದ. "1936ರಲ್ಲಿ ಸಮುದ್ರ ದಾಟಿ ಬಂದ ಮೊದಲ ರೌಂಡ್ ಟೇಬಲ್ ಕೋಪನ್‌ಹೇಗನ್‌ನದು. ಇವತ್ತು ಸಾಲ ತೀರಿಸಲು ಬಂದಿದ್ದೇವೆ" ಅಂದ. ಒಳ್ಳೆ ಚಪ್ಪಾಳೆ ಬಿತ್ತು.

ದಂಡದ ಆಟವೂ ಇದೆ. ಸಾರ್ಜೆಂಟ್ ಅಂತ ಒಬ್ಬನನ್ನು ನೇಮಿಸಿರುತ್ತಾರೆ. ಅವನು ಇಲ್ಲದ ತಪ್ಪು ಹುಡುಕಿ ದಂಡ ಹಾಕುತ್ತಾನೆ. ಎದುರು ಮಾತಾಡಿದರೆ ದುಪ್ಪಟ್ಟು. ಟೈ ಬಣ್ಣ ಕಣ್ಣಿಗೆ ಹೊಡೆಯುತ್ತದೆ ಅಂತ ಫ್ರೆಂಚ್‌ನವನಿಗೆ, ಮಂಡಿ ಉದ್ದ ಅಂತ ಜರ್ಮನ್‌ನವನಿಗೆ, ಬಸ್ ಬರಲಿಲ್ಲ ಅಂತ ನಮ್ಮ ಅಧ್ಯಕ್ಷನಿಗೆ. ಊಟದ ಮಧ್ಯೆ ಫೋನ್ ನೋಡಿದೆ ಅಂತ ನನಗೂ ಬಿತ್ತು. ಆ ದುಡ್ಡೆಲ್ಲ ದಾನಕ್ಕೆ ಹೋಗುತ್ತದೆ. ಇಸ್ಪೀಟಿನ ಎಲೆ ಒಂದೂ ಕಾಣಲಿಲ್ಲ ಅಮ್ಮ. ಬಿಯರ್ ಇತ್ತು, ಅದನ್ನು ಮುಚ್ಚಿಡಲ್ಲ. ನಾನು ಕಾರು ಓಡಿಸಬೇಕಿತ್ತು, ನೀರಿನಲ್ಲೇ ಮುಗಿಸಿದೆ.

ಕಳ್ಳತನ ಆಗಿದ್ದೂ ಆ ಹೊತ್ತಿನಲ್ಲೇ. ಸಭೆಯಲ್ಲಿ ಸದ್ದು ಅಡಗಿಸಲು ಅಧ್ಯಕ್ಷನ ಮುಂದೆ ಒಂದು ಮರದ ಸುತ್ತಿಗೆ ಇರುತ್ತದೆ, ಸಿನಿಮಾದಲ್ಲಿ ನ್ಯಾಯಾಧೀಶರ ಹತ್ತಿರ ಇರುತ್ತಲ್ಲ, ಹಾಗೆ. ದಂಡದ ಗಲಾಟೆ ಮುಗಿದು ನೋಡಿದರೆ ಸುತ್ತಿಗೆ ಇಲ್ಲ. ಮೇಜಿನ ಕೆಳಗೆ, ಅಡುಗೆಮನೆಯಲ್ಲಿ, ಹೂಕುಂಡದಲ್ಲಿ, ಎಲ್ಲೂ ಇಲ್ಲ. ನೆಂಟರೆಲ್ಲ ಪಾಪದ ಮುಖ ಮಾಡಿಕೊಂಡು ನಮ್ಮ ಜೊತೆಗೇ ಹುಡುಕಿದರು. ಹೀಗೆ ಒಬ್ಬರ ವಸ್ತು ಒಬ್ಬರು ಎತ್ತಿಕೊಂಡು ಹೋಗುವುದೂ ಇವರಲ್ಲಿ ಹಳೆಯ ತಮಾಷೆಯಂತೆ.

ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ತಿಂಡಿ ತಿಂದೆವು. ಅರ್ಧ ಜನರಿಗೆ ತಲೆನೋವು, ಮಾತು ಕಡಿಮೆ. ಬೀಳ್ಕೊಡುವಾಗ ಇವಳೂ ಆ ಡ್ಯಾನಿಶ್ ಹೆಂಗಸೂ ತಬ್ಬಿಕೊಂಡು ಅತ್ತರು. ಬರೀ ಎರಡು ರಾತ್ರಿಯ ಪರಿಚಯ! ಮಗಳು "ನನ್ನ ರೂಮು ಇನ್ನೂ ಒಂದು ದಿನ ಬೇಕಿದ್ದರೆ ಇಟ್ಟುಕೊಳ್ಳಿ" ಅಂದಳು, ಈ ಸಲ ಲಂಚ ಕೇಳದೆ. ಮನೆಗೆ ಬಂದು ಹಾಸಿಗೆ ಮಡಚಲು ಹೋದರೆ ದಿಂಬಿನ ಮೇಲೆ ಅವರ ಕ್ಲಬ್ಬಿನ ಪುಟ್ಟ ಬಾವುಟ, ಜೊತೆಗೆ ಒಂದು ಚೀಟಿ. "ಸುತ್ತಿಗೆ ಕ್ಷೇಮವಾಗಿದೆ. ಬೇಕಿದ್ದವರು ಮುಂದಿನ ವರ್ಷ ಬಂದು ತೆಗೆದುಕೊಂಡು ಹೋಗಬಹುದು. ಮಲಗಲು ನಮ್ಮ ಮಕ್ಕಳ ಕೋಣೆ ಖಾಲಿ ಇದೆ." ಮೂರು ದಿನ ಒಂದೇ ಸೂರಿನಡಿ ಕಳ್ಳನನ್ನು ಇಟ್ಟುಕೊಂಡಿದ್ದೆವು ನೋಡಿ. ಅಧ್ಯಕ್ಷನಿಗೆ ಫೋನ್ ಮಾಡಿದೆ. "ನಿನ್ನ ಮನೆಯಿಂದ ಹೋಗಿದೆ, ನೀನೇ ತರಬೇಕು" ಅಂದುಬಿಟ್ಟ.

ಅಮ್ಮ, ಈಗ ಒಂದು ವಿಷಯ, ಬೈಬೇಡ. ಮುಂದಿನ ವರ್ಷ ಈ ನಂಬರ್ ಮೀಟಿಂಗ್ ಇರುವುದು ಮೇ ಕೊನೆಯ ವಾರ. ನಾವು ಊರಿಗೆ ಬರಬೇಕು ಅಂದುಕೊಂಡಿದ್ದೂ ಆಗಲೇ. ಹಾಗಾಗಿ ಜುಲೈ ಕೊನೆಗೆ ಬರುತ್ತೇವೆ. ಮಗಳಿಗೂ ಆಗ ದೊಡ್ಡ ರಜೆ, ಎರಡು ವಾರದ ಬದಲು ನಾಲ್ಕು ವಾರ ಇರಬಹುದು. ಅಪ್ಪನಿಗೆ ನೀನೇ ಹೇಳು.

ಬಾವುಟದ ಫೋಟೋ ಕಳಿಸಿದ್ದೇನೆ. ಗುಳಿಗೆ ತಪ್ಪಿಸಬೇಡಿ ಅಪ್ಪ.

ನಿಮ್ಮ ಪ್ರೀತಿಯ ಮಗ