ಕನ್ನಡದ ಪಟ್ಟಿಗಳು ಕನ್ನಡದ ಅಕಾರಾದಿಯಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಮುಂಬಯಿ, ಠಾಣೆ, ಡೊಂಬಿವಲಿ ಕಡೆಯ ಕನ್ನಡ ಸಂಘ-ಸಂಸ್ಥೆಗಳು ಸದಸ್ಯರ ಯಾದಿ, ವಾಚನಾಲಯದ ಪುಸ್ತಕಗಳ ಪಟ್ಟಿ, ಮಹಾಸಭೆಯ ಹಾಜರಿ ಪಟ್ಟಿ ಇವನ್ನೆಲ್ಲ ಈಗ ಕಂಪ್ಯೂಟರಿನಲ್ಲಿ ಕನ್ನಡದಲ್ಲಿಯೇ ಸಿದ್ಧಪಡಿಸುತ್ತಿರುವುದು ಮೆಚ್ಚತಕ್ಕ ಕೆಲಸ. ಆದರೆ ಎಷ್ಟೋ ಪಟ್ಟಿಗಳಲ್ಲಿ ಹೆಸರುಗಳು ಕನ್ನಡದ ಅಕಾರಾದಿಯಲ್ಲಿ ಬರುತ್ತಿಲ್ಲ. ಈಚೆಗೆ ಒಂದು ಹಾಜರಿ ಪಟ್ಟಿಯಲ್ಲಿ ಸರಳಾ ಎಂಬ ಹೆಸರು ಸರಸ್ವತಿಗಿಂತ ಮೊದಲೇ ಅಚ್ಚಾಗಿತ್ತು. ಯ, ರ, ಲ, ವ, ಶ, ಷ, ಸ, ಹ, ಳ ಎಂದು ಶಾಲೆಯಲ್ಲಿ ಕಲಿತ ಹಿರಿಯರೊಬ್ಬರು ಇರಬೇಕಾದ ಜಾಗದಲ್ಲಿ ತಮ್ಮ ಹೆಸರು ಕಾಣದೆ, ಸದಸ್ಯತ್ವವೇ ರದ್ದಾಗಿದೆಯೆಂದು ನೊಂದುಕೊಂಡರು.

ಇದಕ್ಕೆ ಕಾರಣವಿದೆ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಮೊದಲಾದ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸುಮ್ಮನೆ ‘ಸಾರ್ಟ್’ ಮಾಡು, ಅಂದರೆ ಕ್ರಮವಾಗಿ ಜೋಡಿಸು ಎಂದರೆ ಪ್ರೋಗ್ರಾಮು ಅಕ್ಷರಗಳ ಯೂನಿಕೋಡ್ ಸಂಖ್ಯೆಗಳನ್ನಷ್ಟೇ (ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಕೊಟ್ಟಿರುವ ಸಂಖ್ಯೆಗಳನ್ನಷ್ಟೇ) ಹೋಲಿಸುತ್ತದೆ. ಭಾರತೀಯ ಲಿಪಿಗಳಿಗೆಲ್ಲ ಒಂದೇ ವಿನ್ಯಾಸ ಒದಗಿಸಿದ 1988ರ ಇಸ್ಕಿ ಸಂಕೇತಪದ್ಧತಿಯ ಜೋಡಣೆಯನ್ನೇ ಯೂನಿಕೋಡ್ ಅನುಸರಿಸಿದ್ದರಿಂದ, ಅದರಲ್ಲಿ ಳ ಅಕ್ಷರ ಲ ಪಕ್ಕದಲ್ಲಿ ಕುಳಿತಿದೆ: ಲ 3250, ಳ 3251, ವ 3253, ಹ 3257. ಈ ಸಂಖ್ಯೆಗಳು ಅಕ್ಷರವನ್ನು ಗುರುತಿಸಲು ಕೊಟ್ಟವು; ಅಕಾರಾದಿಯನ್ನು ಅವುಗಳಿಂದ ನಿರೀಕ್ಷಿಸಬಾರದು. ಹಾಗೆ ನಿರೀಕ್ಷಿಸಿದಾಗಲೇ ಬಳ್ಳಾರಿ ಬಸವನಬಾಗೇವಾಡಿಗಿಂತ ಮುಂದೆ ಬರುತ್ತದೆ.

ಇದನ್ನು ಸರಿಪಡಿಸುವುದು ಕಷ್ಟವಲ್ಲ. ಪೈಥಾನಿನಲ್ಲಿ ಸಾರ್ಟ್ ಮಾಡುವಾಗ ‘ಕೀ’ ಎಂಬ ಹೆಸರಿನಲ್ಲಿ ನಮ್ಮದೇ ಫಂಕ್ಷನ್ (ಒಂದು ಕೆಲಸ ಮಾಡುವ ಪ್ರೋಗ್ರಾಮಿನ ತುಣುಕು) ಒಂದನ್ನು ಕೊಡಬಹುದು. ಅದು ಪ್ರತಿ ಹೆಸರಿನಿಂದ ಹೋಲಿಕೆಗಾಗಿ ಮಾತ್ರ ಬೇರೊಂದು ರೂಪವನ್ನು ತಯಾರಿಸುತ್ತದೆ. ಪಟ್ಟಿಯಲ್ಲಿ ಮೂಡುವ ಹೆಸರು ಇದ್ದ ಹಾಗೆಯೇ ಇರುತ್ತದೆ. ಕನ್ನಡದ ವಿಭಾಗದಲ್ಲಿ ಹ ಆದ ಮೇಲಿನ 3258ನೆಯ ಸ್ಥಾನ ಖಾಲಿಯಿರುವುದರಿಂದ, ಕೀಯಲ್ಲಿ ಳ ಬಂದಲ್ಲೆಲ್ಲ ಆ ಸಂಖ್ಯೆಯನ್ನು ಇಟ್ಟರೆ ಸರಸ್ವತಿ ಮೊದಲು, ಸರಳಾ ಆಮೇಲೆ ಎಂಬ ಕ್ರಮ ತಾನಾಗಿ ದೊರೆಯುತ್ತದೆ. ಸಾವಿರ ಹೆಸರುಗಳಿದ್ದರೆ ಎರಡೆರಡು ಹೆಸರುಗಳನ್ನು ಹೋಲಿಸುವ ಕೆಲಸ ಸುಮಾರು ಹತ್ತು ಸಾವಿರ ಸಲದವರೆಗೆ ನಡೆಯಬಹುದು, ಆದರೆ ಕೀ ತಯಾರಾಗುವುದು ಹೆಸರಿಗೆ ಒಂದೇ ಸಲವಾದ್ದರಿಂದ ವೇಗಕ್ಕೂ ಅಡ್ಡಿಯಿಲ್ಲ.

ಮರಾಠಿಗಾಗಿ ಬರೆದ ನಿಯಮವನ್ನೇ ಕನ್ನಡಕ್ಕೂ ಹಾಕುವ ಅಭ್ಯಾಸ ನಮ್ಮಲ್ಲಿ ಸಹಜವಾಗಿ ಬರುತ್ತದೆ, ಅಲ್ಲಿಯೂ ಹ ಆದ ಮೇಲೆ ಳ ಬರುತ್ತದೆಂಬುದು ನಿಜ. ಆದರೆ ಮರಾಠಿ ವರ್ಣಮಾಲೆ ಅದರಾಚೆ ಕ್ಷ, ಜ್ಞಗಳನ್ನು ಪ್ರತ್ಯೇಕವಾಗಿ ಇಡುತ್ತದೆ. ನಮ್ಮ ನಿಘಂಟುಗಳಲ್ಲಿ ಕ್ಷಮಾ ಕಕಾರದಲ್ಲಿ, ಜ್ಞಾನ ಜಕಾರದಲ್ಲಿ ಸಿಗುತ್ತವೆ, ಅದನ್ನೇ ಉಳಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಇನ್ನು ಮನುಷ್ಯರ ಹೆಸರುಗಳ ವಿಚಾರ. ಶ್ರೀ, ಶ್ರೀಮತಿ, ಡಾ. ಎಂಬ ಗೌರವಸೂಚಕಗಳನ್ನು ಕೀಯಿಂದ ತೆಗೆಯದಿದ್ದರೆ ಅರ್ಧ ಪಟ್ಟಿ ಶಕಾರದಲ್ಲೇ ಸೇರಿಕೊಳ್ಳುತ್ತದೆ. ತೆಗೆಯುವಾಗಲೂ ಮುಂದೆ ಚುಕ್ಕೆ ಅಥವಾ ಖಾಲಿ ಜಾಗ ಇದ್ದಾಗ ಮಾತ್ರ ತೆಗೆಯಬೇಕು. ಇಲ್ಲವಾದರೆ ಶ್ರೀಧರ ಬರಿಯ ಧರನಾಗಿ ಧಕಾರಕ್ಕೆ ಹೋಗುತ್ತಾನೆ. ಶೆಟ್ಟಿ, ಪೂಜಾರಿ, ಕೋಟ್ಯಾನ್, ಸುವರ್ಣ ಎಂಬ ಕುಲನಾಮಗಳು ತುಂಬಿರುವ ನಮ್ಮ ಯಾದಿಗಳಲ್ಲಿ ಕುಲನಾಮ ಮೊದಲು, ಸ್ವಂತ ಹೆಸರು ಅನಂತರ ಎಂದು ಎರಡು ಭಾಗಗಳ ಕೀ ಬಹಳ ಉಪಯುಕ್ತ. ಆದರೆ ಊರಿನ ಮೊದಲಕ್ಷರವನ್ನು ಹೆಸರಿನ ಮುಂದೆ ಬರೆಯುವ ಹಳೆ ಮೈಸೂರಿನ ಕಡೆಯವರಿಗೆ ಈ ನಿಯಮ ಹೊಂದುವುದಿಲ್ಲ. ಹೀಗಾಗಿ ಕುಲನಾಮವನ್ನು ಪ್ರೋಗ್ರಾಮು ಊಹಿಸುವ ಬದಲು, ಅರ್ಜಿ ನಮೂನೆಯಲ್ಲಿಯೇ ಅದಕ್ಕೊಂದು ಪ್ರತ್ಯೇಕ ಅಂಕಣ ಇಡುವುದು ಒಳ್ಳೆಯದು.

ಕಣ್ಣಿಗೆ ಕಾಣದ ತೊಡಕೂ ಒಂದಿದೆ. ಸೂರ್ಯ ಎಂಬ ಹೆಸರನ್ನು ಅರ್ಕಾವತ್ತಿಲ್ಲದೆ, ರ ಕೆಳಗೆ ಯ ಒತ್ತು ಬರುವಂತೆ ಬೆರಳಚ್ಚಿಸಿದಾಗ ನಡುವೆ 8205 ಸಂಖ್ಯೆಯ ಅದೃಶ್ಯ ಚಿಹ್ನೆಯೊಂದು ಸೇರಿರುತ್ತದೆ. ಆ ದೊಡ್ಡ ಸಂಖ್ಯೆಯಿಂದಾಗಿ ಒಂದೇ ಹೆಸರಿನ ಇಬ್ಬರು ಪಟ್ಟಿಯಲ್ಲಿ ದೂರವಾಗುತ್ತಾರೆ. ಕೀಯಲ್ಲಿ ಅದನ್ನು ಅಳಿಸಿದರೆ ಸಾಕು. ಯೂನಿಕೋಡ್ ಬಳಸದ ಹಳೆಯ ಫಾಂಟುಗಳಲ್ಲಿರುವ ಕಡತಗಳನ್ನಂತೂ ಮೊದಲು ಯೂನಿಕೋಡಿಗೆ ಬದಲಿಸದೆ ಸಾರ್ಟ್ ಮಾಡಲೇಬಾರದು.

ಮುಂಬಯಿಯ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ದುಡಿಯುವ ಕನ್ನಡಿಗರು ಈ ನಿಯಮಗಳನ್ನು ಒಮ್ಮೆ ಸರಿಯಾಗಿ ಬರೆದು, ಎಲ್ಲ ಸಂಘಗಳಿಗೂ ಉಚಿತವಾಗಿ ಒದಗಿಸಬೇಕೆಂದು ವಿನಂತಿಸುತ್ತೇನೆ. ಸಂಘಗಳ ಪದಾಧಿಕಾರಿಗಳು ತಮಗೆ ಯಾವ ಕ್ರಮ ಬೇಕೆಂಬುದನ್ನು ಕಾರ್ಯಕಾರಿ ಸಮಿತಿಯಲ್ಲಿ ನಿರ್ಧರಿಸಿ, ಪಟ್ಟಿ ಮಾಡುವವರಿಗೆ ಲಿಖಿತವಾಗಿ ಕೊಟ್ಟರೆ ಮುಂದಿನ ಮಹಾಸಭೆಯ ಯಾದಿಯಲ್ಲಿಯೇ ಇದನ್ನು ಜಾರಿಗೆ ತರಬಹುದು.

ತಮ್ಮ ವಿಶ್ವಾಸಿ,
ಒಬ್ಬ ಸಾಫ್ಟ್‌ವೇರ್ ಉದ್ಯೋಗಿ,
ಡೊಂಬಿವಲಿ ಪೂರ್ವ