ಆ ಎರಡು ಹಾಳೆ ಬರೆದುಕೊಟ್ಟವರಿಗೆ

ಕಳೆದ ಶನಿವಾರ ಅಣ್ಣನ ಹಳೆಯ ಲ್ಯಾಪ್‌ಟಾಪ್‌ಗೆ, ವಿಂಡೋಸ್ ಜೊತೆಗೇ, ಡೆಬಿಯನ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯನ್ನು ಪೆನ್‌ಡ್ರೈವ್‌ನಿಂದ ಹಾಕಲು ಕುಳಿತಾಗ, ಡಿಸ್ಕ್ ವಿಭಾಗಿಸುವ ಪರದೆಯಲ್ಲಿ ನನ್ನ ಕೈ ನಿಂತುಹೋಯಿತು. ತಪ್ಪು ಆಯ್ಕೆ ಒತ್ತಿದರೆ ವಿಂಡೋಸ್ ಜೊತೆಗೆ ಅಮ್ಮನ ಫೋಟೊಗಳೂ ಅಳಿಸಿಹೋಗುತ್ತವೆಂಬ ಭಯ. ಕೈಪಿಡಿ ಓದೋಣವೆಂದರೆ ಅದು ಅಂತರ್ಜಾಲದಲ್ಲಿ, ಅದನ್ನು ತೆರೆಯಬೇಕಾದ ಯಂತ್ರವೇ ಅರ್ಧ ದಾರಿಯಲ್ಲಿ.

ಲ್ಯಾಪ್‌ಟಾಪ್ ಎತ್ತಿಕೊಂಡು ಹತ್ತಿರದ ರಿಪೇರಿ ಅಂಗಡಿಗೆ ಹೋದೆ. ಅಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬರು ಸ್ಟೂಲ್ ಎಳೆದು ಪಕ್ಕದಲ್ಲಿ ಕುಳಿತು, ಕೀಬೋರ್ಡನ್ನು ನನ್ನ ಕಡೆಗೇ ತಿರುಗಿಸಿ, "ನೀವೇ ಒತ್ತಿ ಸರ್, ನಾನು ಇಲ್ಲೇ ಇರ್ತೀನಿ" ಎಂದರು. ಮೊದಲು ಫೋಟೊಗಳನ್ನು ಬೇರೆ ಪೆನ್‌ಡ್ರೈವ್‌ಗೆ ನಕಲು ಮಾಡಿಸಿದರು. ಬಳಿಕ ಯಂತ್ರವನ್ನು ಮತ್ತೆ ಆರಂಭಿಸಿ, ಮೊದಲ ಮೆನುವಿನಲ್ಲೇ ಇದ್ದ ಹೆಲ್ಪ್ ಎಂಬ ಸಾಲನ್ನು ತೋರಿಸಿದರು. ಸಹಾಯದ ಪುಟಗಳು ನನ್ನ ಪೆನ್‌ಡ್ರೈವ್‌ನಲ್ಲೇ ಇದ್ದವು. ಎಫ್1 ಒತ್ತಿದರೆ ಅವುಗಳ ಪಟ್ಟಿ ಬರುತ್ತಿತ್ತು.

ಆ ಪುಟಗಳು ಇಂಗ್ಲಿಷಿನಲ್ಲಿದ್ದವು. ಡಿಸ್ಕ್ ವಿಭಾಗಿಸುವ ಬಗ್ಗೆ ನನಗೆ ಬೇಕಾದಷ್ಟನ್ನು ಅವರು ಬಿಲ್ ಪುಸ್ತಕದ ಎರಡು ಹಾಳೆಗಳ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ಕೊನೆಯಲ್ಲಿ ಕೇಳುವ ಪ್ರಶ್ನೆಗೆ ಹೌದು ಎನ್ನುವವರೆಗೆ ವಿಭಾಗಗಳ ಬದಲಾವಣೆ ಡಿಸ್ಕಿಗೆ ಇಳಿಯುವುದಿಲ್ಲ, ಆದರೆ ಇರುವ ವಿಭಾಗವನ್ನು ಕಿರಿದಾಗಿಸುವ ಕೆಲಸ ಮಾತ್ರ ಆಗಲೇ ನಡೆದುಬಿಡುತ್ತದೆ ಎಂಬ ಮಾತಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಹೊಸಬರಿಗೆ ಬೇಕಾದುದು ಇಂಥ ಸಾಲು, ಬೇಕಾದ ಹೊತ್ತಿನಲ್ಲಿ, ಕೈಗೆಟಕುವಂತೆ.

ರಾತ್ರಿ ಮನೆಯಲ್ಲಿ ಆ ಹಾಳೆಗಳನ್ನು ಮುಂದಿಟ್ಟುಕೊಂಡು ನಾನೇ ಕೆಲಸ ಮುಗಿಸಿದೆ. ಫೋಟೊಗಳೂ ವಿಂಡೋಸೂ ಇದ್ದಲ್ಲೇ ಇವೆ. ಹೆಸರು ಕೇಳಲು ಮರೆತ ಆ ತಾಯಿಗೆ ನನ್ನ ಮನಃಪೂರ್ವಕ ಧನ್ಯವಾದಗಳು.