ರೈಲಿಗೆ ಸ್ಟೀರಿಂಗ್ ಎಲ್ಲಿದೆ, ತಾತ?

ಪ್ರಿಯ ಗೆಳೆಯನಿಗೆ,

ನಿನ್ನ ಪತ್ರ ತಲುಪಿ ಎರಡು ವಾರಗಳಾದವು. ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ. "ಮುಂದಿನ ತಿಂಗಳು ಮೊಮ್ಮಗನನ್ನು ಮೊದಲ ಬಾರಿಗೆ ರೈಲಿನಲ್ಲಿ ಕರೆದೊಯ್ಯಬೇಕೆಂದಿದ್ದೇನೆ, ನಿನ್ನ ಅನುಭವ ಹೇಗಿತ್ತು?" ಎಂದು ಕೇಳಿದ್ದೀಯೆ. ಐದು ವರ್ಷದ ಮೊಮ್ಮಗಳೊಂದಿಗೆ ಆ ಪ್ರಯಾಣವನ್ನು ಮುಗಿಸಿ ಬಂದಿರುವ ನಾನು ಈ ಒಂದು ವಿಷಯದಲ್ಲಾದರೂ ನಿನಗಿಂತ ಹಿರಿಯನಾಗಿರುವುದರಿಂದ, ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ನಾನು ಮೊದಲು ಹಾಕಿಕೊಂಡಿದ್ದ ಯೋಜನೆ ದೊಡ್ಡದಾಗಿತ್ತು. ರಾತ್ರಿ ಹತ್ತಿ ಬೆಳಗ್ಗೆ ಇಳಿಯುವ ಪ್ರಯಾಣ, ದೂರದ ಊರು, ಅಲ್ಲಿ ಎರಡು ದಿನ ಸುತ್ತಾಟ. ಸೊಸೆ ಎಲ್ಲವನ್ನೂ ಸಮಾಧಾನದಿಂದ ಕೇಳಿ, "ಮಾವ, ಅವಳಿಗೆ ನೋಡಬೇಕಾಗಿರುವುದು ರೈಲು, ಕತ್ತಲೆಯಲ್ಲ" ಎಂದಳು. ಅಲ್ಲಿಗೆ ನನ್ನ ಯೋಜನೆ ಹಗಲಿನ ಎರಡು ಗಂಟೆಯ ಪ್ರಯಾಣಕ್ಕೆ ಇಳಿಯಿತು: ಒಂದು ಸಣ್ಣ ನಿಲ್ದಾಣದವರೆಗೆ ಹೋಗುವುದು, ಸ್ವಲ್ಪ ಹೊತ್ತು ಕೂರುವುದು, ಸಂಜೆಯ ಗಾಡಿಯಲ್ಲಿ ಮರಳುವುದು. ಈಗ ಯೋಚಿಸಿದರೆ ಎರಡು ಗಂಟೆಯೂ ಕಡಿಮೆಯೇನಾಗಿರಲಿಲ್ಲ, ಏಕೆಂದರೆ ಅವಳ ಪ್ರಶ್ನೆಗಳಿಗೆ ಉತ್ತರ ಹುಡುಕುವಷ್ಟರಲ್ಲಿ ನನಗೇ ಆಯಾಸವಾಗಿತ್ತು.

ನಿಲ್ದಾಣದಲ್ಲಿ ನಾವು ಕಾಯುತ್ತಿದ್ದಾಗ, ಅಲ್ಲಿ ನಿಲ್ಲದ ರೈಲೊಂದು ಹಾರ್ನ್ ಮಾಡುತ್ತಾ ಮುಂದಿನ ಹಳಿಯ ಮೇಲೆ ಹಾದುಹೋಯಿತು. ಮಗು ಎರಡೂ ಕಿವಿ ಮುಚ್ಚಿಕೊಂಡು ನನ್ನ ಕಾಲನ್ನು ಅವಚಿಕೊಂಡಳು. ಇದನ್ನು ನಾನು ಮೊದಲೇ ಹೇಳಿ ಸಿದ್ಧಪಡಿಸಬೇಕಿತ್ತು. ನೀನು ಮರೆಯಬೇಡ, ಮತ್ತು ಪ್ಲಾಟ್‌ಫಾರಂ ಮೇಲೆ ಕೈಬೆರಳನ್ನಲ್ಲ, ಮಣಿಕಟ್ಟನ್ನು ಹಿಡಿದುಕೋ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ ರೈಲಿಗೆ ಬ್ರೇಕ್ ಹಾಕಿದ ಮೇಲೂ ನಿಲ್ಲಲು ಸುಮಾರು ಒಂದು ಕಿಲೋಮೀಟರ್ ಬೇಕಾಗುತ್ತದೆ ಎಂಬುದು ಮಕ್ಕಳಿಗೆ ಹೇಗೆ ತಿಳಿಯಬೇಕು? ಆದರೆ ಭಯ ಇಳಿದ ಮೇಲೆ ಅವಳು ಕೇಳಿದ್ದು ನಾನು ನಿರೀಕ್ಷಿಸಿದ ಪ್ರಶ್ನೆಯಾಗಿರಲಿಲ್ಲ. "ಬರುವಾಗ ಅದರ ದನಿ ಸಣ್ಣಗಿತ್ತು, ಹೋಗುವಾಗ ಯಾಕೆ ದಪ್ಪ ಆಯಿತು?" ಎಂದಳು. ಹತ್ತಿರ ಬರುವಾಗ ಶಬ್ದದ ಅಲೆಗಳು ಒತ್ತೊತ್ತಾಗಿ ಕಿವಿಗೆ ತಲುಪಿ ದನಿ ಸಣ್ಣಗಾಗುತ್ತದೆ, ದೂರ ಸರಿಯುವಾಗ ಅವುಗಳ ನಡುವಿನ ಅಂತರ ಹೆಚ್ಚಿ ದಪ್ಪಗಾಗುತ್ತದೆ ಎಂದು ಆಸ್ಟ್ರಿಯಾದ ವಿಜ್ಞಾನಿ ಡಾಪ್ಲರ್ 1842ರಲ್ಲಿ ವಿವರಿಸಿದ್ದನ್ನು ನಾವು ಶಾಲೆಯಲ್ಲಿ ಉರುಹೊಡೆದವರೇ ಅಲ್ಲವೇ? ಅದನ್ನೇ ನನಗೆ ತಿಳಿದ ಮಟ್ಟಿಗೆ ಹೇಳಿದೆ. ಅವಳಿಗೆ ರುಚಿಸಿದ್ದು ಮಾತ್ರ ಅದರ ಮುಂದಿನ ಕಥೆ: 1845ರಲ್ಲಿ ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿ ಬೈಸ್ ಬಲೋಟ್ ಇದನ್ನು ಪರೀಕ್ಷಿಸಲು ತುತ್ತೂರಿ ಊದುವವರನ್ನು ರೈಲಿನ ಮೇಲೆ ಕೂರಿಸಿ, ಹಳಿಯ ಪಕ್ಕದಲ್ಲಿ ಸ್ವರಜ್ಞಾನವಿದ್ದವರನ್ನು ನಿಲ್ಲಿಸಿ, ಸ್ವರ ಬದಲಾಗುವುದನ್ನು ಗುರುತಿಸಿದ್ದು. ಆಮೇಲೆ ಬಂದ ಪ್ರತಿಯೊಂದು ರೈಲಿನ ಮೇಲೂ ಅವಳು ತುತ್ತೂರಿಯವರನ್ನು ಹುಡುಕಿದಳು.

ರೈಲು ಹತ್ತಿ ಕುಳಿತ ಮೇಲೆ ಪಕ್ಕದ ಹಳಿಯ ಗಾಡಿ ನಿಧಾನವಾಗಿ ಹೊರಟಿತು, "ನಾವು ಹೊರಟೆವು!" ಎಂದು ಅವಳು ಚಪ್ಪಾಳೆ ತಟ್ಟಿದಳು. ಸುಳ್ಳೇಕೆ ಹೇಳಲಿ, ಒಂದು ಕ್ಷಣ ನಾನೂ ಹಾಗೆಯೇ ತಿಳಿದಿದ್ದೆ. ಆಚೆ ಬದಿಯ ಕಂಬವನ್ನು ನೋಡಿದ ಮೇಲಷ್ಟೇ ಇಬ್ಬರಿಗೂ ಸತ್ಯ ಗೊತ್ತಾಯಿತು.

ಹೊರಟ ಹತ್ತು ನಿಮಿಷಕ್ಕೇ ನನ್ನಿಂದ ಒಂದು ತಪ್ಪಾಯಿತು. ಬೇಸರವಾದೀತೆಂದು ಬಣ್ಣ ತುಂಬುವ ಪುಸ್ತಕವನ್ನು ಅವಳ ಕೈಗೆ ಕೊಟ್ಟಿದ್ದೆ. ತಲೆ ಬಗ್ಗಿಸಿ ಅದರಲ್ಲೇ ಮುಳುಗಿದ ಅವಳ ಮುಖ ಇದ್ದಕ್ಕಿದ್ದಂತೆ ಬಿಳಿಚಿಕೊಂಡು, ಹೊಟ್ಟೆ ತೊಳಸುತ್ತಿದೆ ಎಂದಳು. ಒಳಕಿವಿ ದೇಹ ಚಲಿಸುತ್ತಿದೆ ಎನ್ನುವಾಗ ಪುಸ್ತಕದ ಮೇಲೆ ನೆಟ್ಟ ಕಣ್ಣು ಇಲ್ಲವೆನ್ನುತ್ತದೆ, ಈ ತಕರಾರೇ ವಾಕರಿಕೆಗೆ ಮೂಲ; 2ರಿಂದ 12 ವರ್ಷದ ಮಕ್ಕಳಿಗೆ ಇದು ಹೆಚ್ಚು. ಪುಸ್ತಕ ಮುಚ್ಚಿಸಿ, ರೈಲು ಸಾಗುವ ದಿಕ್ಕಿಗೆ ಮುಖಮಾಡಿ ಕೂರಿಸಿ, ದೂರದ ಬೆಟ್ಟವನ್ನು ತೋರಿಸಿದೆ. ಸ್ವಲ್ಪ ಹೊತ್ತಿನಲ್ಲಿ ಸರಿಹೋದಳು. ಆಟಿಕೆ, ಪುಸ್ತಕ, ಮೊಬೈಲ್ ಯಾವುದನ್ನೂ ಹೊರಬೇಡ, ಕಿಟಕಿಯೊಂದಿದ್ದರೆ ಸಾಕು.

ಅವಳ ಇನ್ನೊಂದು ದೂರೆಂದರೆ ರೈಲು 'ಚುಕುಬುಕು' ಎನ್ನುತ್ತಿಲ್ಲ ಎಂಬುದು. ಚಿತ್ರಪುಸ್ತಕಗಳು ಇನ್ನೂ ಹಬೆಯ ಕಾಲದಲ್ಲೇ ಉಳಿದುಬಿಟ್ಟಿವೆ! ಆ ಸದ್ದು ಸಿಲಿಂಡರಿನಿಂದ ಹಬೆ ಚಿಮಣಿಯ ಮೂಲಕ ನುಗ್ಗುವಾಗಿನದು; ಎರಡು ಸಿಲಿಂಡರಿನ ಸಾಮಾನ್ಯ ಎಂಜಿನ್ನಿನಲ್ಲಿ ದೊಡ್ಡ ಗಾಲಿ ಒಂದು ಸುತ್ತು ತಿರುಗಿದರೆ ನಾಲ್ಕು ಬಾರಿ ಕೇಳುತ್ತಿತ್ತು. ನಾವಿಬ್ಬರೂ ಬಾಲ್ಯದಲ್ಲಿ ಕೇಳಿ ನಿದ್ದೆಹೋಗುತ್ತಿದ್ದ 'ಟಕಟಕ' ಬೇರೆಯದು, ಅದು ಹಳಿಗಳ ಸಂದಿನದು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು ಬಿಟ್ಟಿದ್ದ ಆ ಸಂದುಗಳು ಈಗ ಬೆಸುಗೆಯಲ್ಲಿ ಮಾಯವಾಗಿವೆ. ಕಟ್ಟಿಲ್ಲದೆ ಬಿಟ್ಟ ಒಂದು ಕಿಲೋಮೀಟರ್ ಹಳಿ 40 ಡಿಗ್ರಿ ಬಿಸಿಯೇರಿದರೆ ಸುಮಾರು ಅರ್ಧ ಮೀಟರಿನಷ್ಟು ಬೆಳೆಯುತ್ತದೆ. ಹಾಗೆ ಬೆಳೆಯಗೊಡದೆ ಅದನ್ನು ಬಿಗಿಹಿಡಿದಿರುವುದು ಹಳಿಯ ಕೆಳಗೆ ಅಡ್ಡಲಾಗಿ ಹಾಸಿದ ತೊಲೆಗಳಾದ ಸ್ಲೀಪರ್‌ಗಳು ಮತ್ತು ಅವುಗಳ ಸುತ್ತ ತುಂಬಿದ ಜಲ್ಲಿ. ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಅವಳು ತಾನೇ 'ಚುಕುಬುಕು' ಎನ್ನತೊಡಗಿದ್ದಳು.

ಹಳಿಯ ಪಕ್ಕದ ಕಿಲೋಮೀಟರ್ ಕಲ್ಲುಗಳಿಂದ ವೇಗ ಅಳೆಯುವ ಆಟವನ್ನೂ ಆಡಿದೆವು. ಒಂದು ಕಲ್ಲಿನಿಂದ ಮತ್ತೊಂದಕ್ಕೆ 45 ಸೆಕೆಂಡ್ ಹಿಡಿದರೆ ವೇಗ ಗಂಟೆಗೆ 80 ಕಿಲೋಮೀಟರ್. ಎಣಿಸುವಾಗ ಅವಳು ಹದಿನೇಳನ್ನು ಪ್ರತಿ ಸಲವೂ ಹಾರಿಸುತ್ತಿದ್ದುದರಿಂದ ನಮ್ಮ ಗಾಡಿ ಇದ್ದುದಕ್ಕಿಂತ ತುಸು ನಿಧಾನವಾಗಿಯೇ ಓಡಿತು.

ನನ್ನನ್ನು ನಿಜವಾಗಿ ಸೋಲಿಸಿದ ಪ್ರಶ್ನೆ ದೊಡ್ಡ ತಿರುವೊಂದರಲ್ಲಿ ಬಂತು. ಕಿಟಕಿಯಿಂದ ನಮ್ಮದೇ ಗಾಡಿಯ ಮುಂದಿನ ಬೋಗಿಗಳು ಬಾಗುತ್ತಿರುವುದು ಕಂಡಾಗ, "ರೈಲಿಗೆ ಸ್ಟೀರಿಂಗ್ ಎಲ್ಲಿದೆ, ತಾತ?" ಎಂದಳು. ಸ್ಟೀರಿಂಗ್ ಇಲ್ಲ, ಹಳಿ ಹೋದತ್ತ ರೈಲು ಹೋಗುತ್ತದೆ ಎಂದೆ. "ಹಳಿ ಕೈ ಹಿಡಿದು ಎಳೆಯುತ್ತದಾ?" ಎಂದು ಮರುಪ್ರಶ್ನೆ. ಗಾಲಿಯ ಒಳಅಂಚಿನಲ್ಲಿ ಒಂದು ದಂಡೆಯಿದೆ, ಅದು ಹಳಿಗೆ ತಾಗಿ ಜಾರದಂತೆ ತಡೆಯುತ್ತದೆ ಎಂದು ಇಷ್ಟು ವರ್ಷ ನಂಬಿದ್ದನ್ನೇ ಹೇಳಿಬಿಟ್ಟೆ. ಮನೆಗೆ ಬಂದು ಓದಿ ನೋಡಿದರೆ ನಾನು ಹೇಳಿದ್ದು ಅರ್ಧ ಸತ್ಯ. ಗಾಲಿಯ ಮೈ ಚಪ್ಪಟೆಯಾಗಿರದೆ ಶಂಕುವಿನಂತೆ ತುಸು ಇಳಿಜಾರಾಗಿರುತ್ತದೆ, ಒಳಬದಿಯಲ್ಲಿ ಸುತ್ತಳತೆ ಹೆಚ್ಚು, ಹೊರಬದಿಯಲ್ಲಿ ಕಡಿಮೆ. ಎರಡೂ ಗಾಲಿಗಳು ಒಂದೇ ಅಚ್ಚಿಗೆ ಬಿಗಿಯಾಗಿ ಕೂತಿರುವುದರಿಂದ ಒಟ್ಟಿಗೇ ತಿರುಗಬೇಕು. ತಿರುವಿನಲ್ಲಿ ಗಾಡಿ ಹೊರಬದಿಗೆ ಸರಿದಾಗ ಹೊರಗಿನ ಹಳಿಯ ಮೇಲಿರುವ ಗಾಲಿ ತನ್ನ ದೊಡ್ಡ ಸುತ್ತಳತೆಯ ಮೇಲೆ ಉರುಳಿ ಹೆಚ್ಚು ದೂರ ಕ್ರಮಿಸುತ್ತದೆ, ಒಳಗಿನದು ಕಡಿಮೆ ದೂರ, ಹೀಗೆ ಇಡೀ ಅಚ್ಚು ತಾನಾಗಿಯೇ ತಿರುವಿನತ್ತ ಮುಖಮಾಡುತ್ತದೆ. ದಂಡೆಯಿರುವುದು ತೀರ ಕಡಿದಾದ ತಿರುವಿಗೆ, ಕೊನೆಯ ಕಾವಲಿಗೆ. ಇಷ್ಟು ಭಾರವನ್ನು ಹೊತ್ತ ಒಂದೊಂದು ಗಾಲಿಯೂ ಹಳಿಯನ್ನು ಮುಟ್ಟುವುದು ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ! ಐವತ್ತು ವರ್ಷ ರೈಲಿನಲ್ಲಿ ಓಡಾಡಿದವನಿಗೆ ಇದನ್ನು ಕೇಳಬೇಕೆಂದೇ ಹೊಳೆದಿರಲಿಲ್ಲ.

ಮರಳುವಾಗ ಸಂಜೆ ಚಂದ್ರ ಮೂಡಿದ್ದ. ಹಳಿಯ ಪಕ್ಕದ ಕಂಬಗಳು ಹಿಂದೆ ಹಿಂದೆ ಓಡುತ್ತಿದ್ದರೂ ಚಂದ್ರ ನಮ್ಮೊಡನೆಯೇ ಬರುತ್ತಿರುವುದನ್ನು ತೋರಿಸಿ, ಅವನು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿರುವುದರಿಂದ ನಮ್ಮ ಎರಡು ಗಂಟೆಯ ಪ್ರಯಾಣ ಅವನ ಲೆಕ್ಕಕ್ಕೇ ಬರುವುದಿಲ್ಲ ಎಂದು ಹೇಳಲು ತಿರುಗಿದರೆ, ಅವಳು ನನ್ನ ತೋಳಿಗೊರಗಿ ನಿದ್ದೆಹೋಗಿದ್ದಳು.

ಮಾರನೆಯ ದಿನ ನನ್ನ ತಪ್ಪನ್ನು ಒಪ್ಪಿಕೊಂಡು, ಕಾಗದದ ಲೋಟಗಳೆರಡನ್ನು ಬಾಯಿಗೆ ಬಾಯಿ ಸೇರಿಸಿ ಅಂಟಿಸಿ, ಇಳಿಜಾರಾಗಿ ಇಟ್ಟ ಎರಡು ಕೋಲುಗಳ ಮೇಲೆ ಉರುಳಿಸಿ ತೋರಿಸಿದೆ. ಅತ್ತಿತ್ತ ಓಲಾಡಿದರೂ ನಡುವಿಗೇ ಬಂದು ಕೊನೆಯವರೆಗೆ ಸಾಗಿತು. ಇನ್ನೆರಡು ಲೋಟಗಳನ್ನು ತಳಕ್ಕೆ ತಳ ಸೇರಿಸಿ ಉರುಳಿಸಿದಾಗ ಸ್ವಲ್ಪ ದೂರ ಹೋಗಿ ಹಳಿ ತಪ್ಪಿ ಬಿತ್ತು. ನಿನ್ನ ಮೊಮ್ಮಗನಿಗೂ ಮಾಡಿ ತೋರಿಸು, ಆದರೆ ನಾಲ್ಕು ಲೋಟ ಸಾಲದು, ಹೆಚ್ಚಿಗೆ ಇಟ್ಟುಕೋ. ನನ್ನ ಮೊಮ್ಮಗಳು ಸರಿಯಾಗಿ ಓಡುವ ಜೋಡಿಯನ್ನು ಮೂಲೆಗಿಟ್ಟು, ಬೀಳುವ ಜೋಡಿಯನ್ನೇ ಬೆಳಗಿನಿಂದ ಸಂಜೆಯವರೆಗೆ ಉರುಳಿಸುತ್ತಾ, ಬಿದ್ದಾಗಲೆಲ್ಲ "ಎಲ್ಲರೂ ಇಳಿಯಿರಿ!" ಎಂದು ಕೂಗುತ್ತಿದ್ದಾಳೆ.

ಇಂತಿ ನಿನ್ನ ಹಳೆಯ ಗೆಳೆಯ